ತಪ್ಪು ಹುಡುಕುವ ಮರ್ಯಾದೆ

ಲಂಡನ್ನಿಗೆ ಬಂದು ಹತ್ತೊಂಬತ್ತು ವರ್ಷಗಳಾದವು. ಪೇಟೆಂಟ್ ಅರ್ಜಿಗಳ ಕರಡನ್ನು ಸಾಲುಸಾಲಾಗಿ ಓದಿ, ಅಲ್ಲಿ ತಪ್ಪಿಬಿದ್ದ ಒಂದು ಅಲ್ಪವಿರಾಮ ಮುಂದೆ ಯಾರ ಹಕ್ಕಿಗೆ ಧಕ್ಕೆ ತಂದೀತು ಎಂದು ನೋಡುವುದು ನನ್ನ ಹೊಟ್ಟೆಪಾಡಿನ ಕೆಲಸ. ಶಿರಸಿಯಿಂದ ಸೋಂದೆಗೆ ಹೋಗುವ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಸಿಗುವ ಒಂದು ಅಡಿಕೆ ತೋಟದ ಮನೆಯಿಂದ ಬಂದ ನನಗೆ ಈ ಕೆಲಸ ತೀರ ಹೊಸದೆಂದು ಅನ್ನಿಸಲಿಲ್ಲ. ನಮ್ಮ ದೊಡ್ಡಪ್ಪ ಜೀವಮಾನವಿಡೀ ಮಾಡಿದ್ದೂ ಇದನ್ನೇ, ಆದರೆ ಸಂಬಳವಿಲ್ಲದೆ. ಕರಾವಳಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದ ಅವರು ನಿವೃತ್ತರಾಗಿ ಘಟ್ಟ ಹತ್ತಿ ಮನೆಗೆ ಬಂದ ಮೇಲೆ, ಮೆತ್ತಿನ ಕಿಟಕಿಯ ಬೆಳಕಿನಲ್ಲಿ ಕೂತು, ಹಳಗನ್ನಡ ಕಾವ್ಯಗಳ ಅಚ್ಚಿನ ಪ್ರತಿಗಳ ಅಂಚಿನಲ್ಲಿ ಪೆನ್ಸಿಲಿನಿಂದ ತಿದ್ದುತ್ತಿದ್ದರು. ಅಚ್ಚಾಗಿ ಬಂದ ಪುಸ್ತಕದಲ್ಲಿಯೂ ತಪ್ಪಿರುತ್ತದೆ ಎಂಬ ಸಂಗತಿಯೇ ಆಗ ನನಗೆ ಆಶ್ಚರ್ಯದ್ದಾಗಿತ್ತು. ಮನೆಯ ಉಳಿದವರಿಗೆ ಅದು ವಯಸ್ಸಾದವರ ಒಂದು ಹವ್ಯಾಸವಾಗಿತ್ತು, ಅಷ್ಟೆ.

ಇಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು, ಇಂಗ್ಲೆಂಡಿನಲ್ಲಿ ಲ್ಯಾಟಿನ್ ಬಲ್ಲವರಲ್ಲಿ ಮೇಲುಗೈ ಎನ್ನಿಸಿಕೊಂಡ ಮನುಷ್ಯ ಹತ್ತು ವರ್ಷ ಪೇಟೆಂಟ್ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಎಂದು ತಮಾಷೆಗೆ ಹೇಳಿದರು. ಆಲ್ಫ್ರೆಡ್ ಎಡ್ವರ್ಡ್ ಹೌಸ್‌ಮನ್ ಎಂಬ ಹೆಸರು ನನಗೆ ತಲುಪಿದ್ದು ಹಾಗೆ. ಕವಿಯಾಗಿ ಅವರನ್ನು ಬಲ್ಲವರು ನಮ್ಮಲ್ಲಿಯೂ ಇದ್ದಾರೆ. 1896ರಲ್ಲಿ ಸ್ವಂತ ದುಡ್ಡು ಹಾಕಿ ಅಚ್ಚು ಮಾಡಿಸಿದ ಅವರ ಪುಟ್ಟ ಕವನ ಸಂಗ್ರಹ ಮುಂದೆ ಇಂಗ್ಲಿಷ್ ಓದುವ ಕಡೆಯಲ್ಲೆಲ್ಲ ಹರಡಿತು. ನಾನು ಹೇಳಹೊರಟಿರುವುದು ಆ ಕವಿಯ ವಿಚಾರವಲ್ಲ, ಪ್ರಾಚೀನ ಕಾವ್ಯಗಳ ಪಾಠವನ್ನು, ಅಂದರೆ ಪ್ರತಿ ಮಾಡುವಾಗ ಕೆಟ್ಟುಹೋದ ಮೂಲದ ಮಾತುಗಳನ್ನು, ಶುದ್ಧ ಮಾಡುವುದರಲ್ಲಿ ಆಯುಷ್ಯ ಕಳೆದ ವಿದ್ವಾಂಸನ ವಿಚಾರ.

ಹೌಸ್‌ಮನ್ ಹುಟ್ಟಿದ್ದು 1859ರಲ್ಲಿ, ವೂಸ್ಟರ್‌ಶೈರಿನ ಬ್ರೋಮ್ಸ್‌ಗ್ರೋವ್ ಎಂಬ ಊರಿನ ಹತ್ತಿರ. ಹನ್ನೆರಡನೆಯ ಹುಟ್ಟುಹಬ್ಬದ ದಿನವೇ ತಾಯಿ ತೀರಿಕೊಂಡರು. 1877ರಲ್ಲಿ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜು ಸೇರಿ, ಎರಡು ವರ್ಷದ ನಂತರದ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದರು. ಆಮೇಲಿನದು ವಿಚಿತ್ರ. ಕೊನೆಯ ಪರೀಕ್ಷೆಗೆ ಇತಿಹಾಸ ಮತ್ತು ತತ್ತ್ವಶಾಸ್ತ್ರ ಓದಬೇಕಾಗಿದ್ದ ಹುಡುಗ ಅವೆರಡನ್ನೂ ಬದಿಗಿಟ್ಟು, ಪಠ್ಯದಲ್ಲಿ ಇರದ ಪ್ರೊಪರ್ಷಿಯಸ್ ಎಂಬ ರೋಮನ್ ಕವಿಯ ಪಾಠಾಂತರಗಳಲ್ಲಿ, ಪ್ರತಿಯಿಂದ ಪ್ರತಿಗೆ ಬದಲಾಗುವ ಮಾತುಗಳಲ್ಲಿ, ಮುಳುಗಿದ. 1881ರಲ್ಲಿ ಪರೀಕ್ಷಕರು ಅವನನ್ನು ನಪಾಸು ಮಾಡಿದರು. ದರ್ಜೆ ಕಡಿಮೆಯಾದದ್ದಲ್ಲ, ಪೂರ್ತಿ ನಪಾಸು. ಊರಿಗೆ ಮರಳಿ, ತಾನು ಕಲಿತ ಶಾಲೆಯಲ್ಲಿಯೇ ಸ್ವಲ್ಪ ಕಾಲ ಪಾಠ ಹೇಳಿ, ಸಾಧಾರಣ ಪದವಿಗೆ ಬೇಕಾದಷ್ಟನ್ನು ಮುಗಿಸಿಕೊಂಡು, 1882ರಲ್ಲಿ ಲಂಡನ್ನಿನ ಪೇಟೆಂಟ್ ಕಚೇರಿ ಸೇರಿದರು. ಹಗಲಿಡೀ ಅಲ್ಲಿ ಕಾಗದ ಪತ್ರ. ಸಂಜೆ ಬ್ರಿಟಿಷ್ ಮ್ಯೂಸಿಯಂನ ವಾಚನಾಲಯದಲ್ಲಿ ಗ್ರೀಕ್ ಮತ್ತು ಲ್ಯಾಟಿನ್. ಹತ್ತು ವರ್ಷ ಹೀಗೆಯೇ ನಡೆಯಿತು.

ಆ ಸಂಜೆಗಳಲ್ಲಿ ಬರೆದ ಲೇಖನಗಳು ವಿದ್ವತ್ ಪತ್ರಿಕೆಗಳಲ್ಲಿ ಒಂದೊಂದಾಗಿ ಬಂದವು. ಹೋರೇಸ್, ಪ್ರೊಪರ್ಷಿಯಸ್, ಎಸ್ಕಿಲಸ್ ಮೊದಲಾದವರ ಕೆಟ್ಟುಹೋದ ಸಾಲುಗಳನ್ನು ಹೇಗೆ ಓದಬೇಕು ಎಂಬುದೇ ಅವುಗಳ ವಿಷಯ. 1892ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಪೀಠಗಳು ತೆರವಾದಾಗ ಈ ಗುಮಾಸ್ತ ಅರ್ಜಿ ಹಾಕಿದ. ಲ್ಯಾಟಿನ್ ಪೀಠ ಕೊಡಿ, ಅದಾಗದಿದ್ದರೆ ಗ್ರೀಕ್ ಪೀಠಕ್ಕಾದರೂ ಪರಿಗಣಿಸಿ ಎಂದು ಕೇಳಿದ ಆ ಅರ್ಜಿಯಲ್ಲಿ, 1881ರಲ್ಲಿ ತಾನು ಅಂತಿಮ ಪರೀಕ್ಷೆಯಲ್ಲಿ ಉತ್ತೀರ್ಣನಾಗಲಿಲ್ಲ ಎಂಬುದನ್ನು ಮುಚ್ಚಿಡದೆ ಬರೆದಿದ್ದಾರೆ. ಜೊತೆಗೆ ಹದಿನೇಳು ವಿದ್ವಾಂಸರ ಶಿಫಾರಸು ಪತ್ರಗಳಿದ್ದವು. ನಪಾಸಾದವನಿಗೆ ಲ್ಯಾಟಿನ್ ಪೀಠ ಸಿಕ್ಕಿತು. 1911ರಲ್ಲಿ ಕೇಂಬ್ರಿಜಿನ ಲ್ಯಾಟಿನ್ ಪೀಠಕ್ಕೆ ಹೋದರು, 1936ರ ಏಪ್ರಿಲಿನಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಇದ್ದರು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಕಡೆಯ ಶಾಲಾ ಪಂಡಿತರ ಸಾಲು. ದೊಡ್ಡಪ್ಪನ ತಲೆಮಾರಿನ ಕೆಲವರಿಗಾದರೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವಷ್ಟು ಓದು ಇತ್ತು. ಆದರೆ ಬಿ.ಎ. ಇಲ್ಲದ ಪಂಡಿತ ಹೈಸ್ಕೂಲಿಗೆ ಸೈ, ಮುಂದಕ್ಕೆ ಇಲ್ಲ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು; ಕಾಲೇಜು ಓದಬೇಕೆಂದರೆ ಧಾರವಾಡಕ್ಕೋ ಪುಣೆಗೋ ಮುಂಬಯಿಗೋ ಹೋಗಬೇಕು, ಹೋಗಲು ತೋಟದ ಆದಾಯ ಸಾಲದು. ಒಂದು ಕಾಕತಾಳೀಯವನ್ನು ಹೇಳದೆ ಇರಲಾರೆ. ಹೌಸ್‌ಮನ್ ಜೀವನವಿಡೀ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಗೆಳೆಯ ಮೋಸೆಸ್ ಜ್ಯಾಕ್ಸನ್, ಅದೇ ಪೇಟೆಂಟ್ ಕಚೇರಿಯಲ್ಲಿದ್ದವನು, 1887ರಲ್ಲಿ ಪ್ರಾಂಶುಪಾಲನಾಗಿ ಹೋದದ್ದು ಕರಾಚಿಯ ಸಿಂಧ್ ಕಾಲೇಜಿಗೆ. ಕರಾಚಿಯೂ ಕಾರವಾರವೂ ಆಗ ಒಂದೇ ಮುಂಬಯಿ ಪ್ರಾಂತದ ಎರಡು ತುದಿಗಳು. ಇಂಗ್ಲೆಂಡಿನ ಪದವೀಧರನಿಗೆ ಸಮುದ್ರದಾಚೆ ಕಾಲೇಜು ಸಿಕ್ಕಿತು. ಕುಮಟೆಯ ಪಂಡಿತನಿಗೆ ಘಟ್ಟದಾಚೆಯೂ ಸಿಗಲಿಲ್ಲ.

ಹೌಸ್‌ಮನ್ ಆಯುಷ್ಯ ತೇಯ್ದ ಕೆಲಸ ಮನಿಲಿಯಸ್ ಎಂಬ ಕವಿಯದು. ಕ್ರಿಸ್ತಶಕದ ಆರಂಭದ ವರ್ಷಗಳಲ್ಲಿ ಬರೆದ, ಐದು ಭಾಗಗಳ, ನಾಲ್ಕು ಸಾವಿರಕ್ಕೂ ಹೆಚ್ಚು ಸಾಲುಗಳ ಜ್ಯೋತಿಷ ಕಾವ್ಯ ಅದು. ಮೊದಲ ಸಂಪುಟ 1903ರಲ್ಲಿ, ಕೊನೆಯದು 1930ರಲ್ಲಿ, ಸ್ವಂತ ಖರ್ಚಿನಲ್ಲಿ ಬಂದವು. ನಡುವೆ ಜುವೆನಲ್ ಮತ್ತು ಲೂಕನ್ ಕವಿಗಳ ಸಂಪಾದನೆಯೂ ಆಯಿತು. ಮನಿಲಿಯಸ್ ದೊಡ್ಡ ಕವಿಯೇನಲ್ಲ ಎಂದು ಹೌಸ್‌ಮನ್ನರಿಗೇ ಗೊತ್ತಿತ್ತು. ಪದ್ಯದಲ್ಲಿ ಲೆಕ್ಕ ಮಾಡುವುದೇ ಅವನ ಮುಖ್ಯ ಪ್ರತಿಭೆ ಎಂದು ಗೇಲಿಯನ್ನೂ ಮಾಡಿದ್ದಾರೆ. ಮತ್ತೇಕೆ ಇಪ್ಪತ್ತೇಳು ವರ್ಷ? ಪಾಠ ಕೆಟ್ಟಿತ್ತು, ವಿಷಯ ತೊಡಕಿನದಾಗಿತ್ತು, ಅದನ್ನು ಸರಿಮಾಡುವುದಕ್ಕೆ ಬೇಕಾದ ಖಗೋಲ, ಜ್ಯೋತಿಷ, ಛಂದಸ್ಸು, ವ್ಯಾಕರಣಗಳನ್ನು ಒಟ್ಟಿಗೆ ಬಲ್ಲವರು ಬೇರೆ ಯಾರೂ ಇರಲಿಲ್ಲ. ಪಂಚಾಂಗ ನೋಡಲು ಬರುವ ನಮ್ಮ ಕಡೆಯ ಭಟ್ಟರೊಬ್ಬರು ಆ ಕಾವ್ಯದ ವಸ್ತುವನ್ನು ಬಾಯಲ್ಲಿ ವಿವರಿಸಿ ಹೇಳಿದರೆ ಹೌಸ್‌ಮನ್ನರ ಎಷ್ಟೋ ವಿದ್ಯಾರ್ಥಿಗಳಿಗಿಂತ ಬೇಗ ಹಿಡಿದಾರು ಎಂದು ನನಗೆ ಅನ್ನಿಸುತ್ತದೆ. ವರಾಹಮಿಹಿರನ ಬೃಹಜ್ಜಾತಕದಲ್ಲಿ ಮೇಷಕ್ಕೆ ಕ್ರಿಯ, ವೃಷಭಕ್ಕೆ ತಾವುರಿ ಎಂದು ಬರುವ ಹೆಸರುಗಳು ಗ್ರೀಕಿನವೇ. ಹೋರಾ, ಕೇಂದ್ರ ಎಂಬ ಮಾತುಗಳೂ ಅಲ್ಲಿಂದ ಬಂದವು.

ಗ್ರಂಥ ಸಂಪಾದನೆ ಎಂದರೇನು ಎಂದು ಕನ್ನಡದ ಉದಾಹರಣೆಯಿಂದಲೇ ಹೇಳುವುದು ಸುಲಭ. ಓಲೆಯ ಮೇಲೆ ಕಂಟದಿಂದ ಬರೆಯುವ ಪ್ರತಿಕಾರ ತನ್ನ ಕಾಲದ ಉಚ್ಚಾರಣೆಗೆ ತಕ್ಕಂತೆ ಬರೆಯುತ್ತಾನೆ. ಹಳಗನ್ನಡದಲ್ಲಿ ಬಾೞ್ ಎಂದರೆ ಬದುಕು, ಬಾಳ್ ಎಂದರೆ ಖಡ್ಗ. ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. ೞ ಮತ್ತು ಱ ಅಕ್ಷರಗಳು ಬಾಯಿಂದ ಮರೆಯಾದ ಮೇಲೆ ಬರೆದವನಿಗೆ ಎರಡೂ ಒಂದೇ. ಓದುವವನು ಬದುಕಿನ ಜಾಗದಲ್ಲಿ ಕತ್ತಿ ಹಿಡಿದು ನಿಲ್ಲುತ್ತಾನೆ. ಇಲ್ಲಿ ನಮ್ಮ ಕವಿಗಳು ತಮಗೆ ಗೊತ್ತಿಲ್ಲದೆಯೇ ಒಂದು ಕಾವಲು ಇಟ್ಟಿದ್ದಾರೆ. ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರ ಪ್ರಾಸಕ್ಕೆ ಹೊಂದಬೇಕಾದ್ದರಿಂದ ಅಲ್ಲಿ ತಪ್ಪು ನುಸುಳಿದರೆ ಕಿವಿಗೇ ಸಿಕ್ಕಿಬೀಳುತ್ತದೆ. ಲ್ಯಾಟಿನ್ ಕವಿಗಳಿಗೆ ಈ ಪ್ರಾಸದ ಅನುಕೂಲವಿಲ್ಲ, ಹೌಸ್‌ಮನ್ನರಿಗೆ ಮಾತ್ರೆಗಳ ಲೆಕ್ಕವೊಂದೇ ಆಧಾರ. ಇನ್ನೊಂದು ಸೂತ್ರ ಎರಡೂ ಕಡೆಗೆ ಸಲ್ಲುತ್ತದೆ: ಎರಡು ಪಾಠಗಳಿದ್ದಾಗ, ಬೇರೆ ಅಂಶಗಳು ಸಮವಾಗಿದ್ದರೆ, ಕಷ್ಟದ್ದೇ ಬಹುಶಃ ಮೂಲದ್ದು, ಏಕೆಂದರೆ ಬರೆಯುವವನು ತನಗೆ ತಿಳಿಯದ ಮಾತನ್ನು ತಿಳಿಯುವ ಮಾತಾಗಿ ಮಾಡುತ್ತಾನೆಯೇ ಹೊರತು ತಿಳಿದದ್ದನ್ನು ತಿಳಿಯದಂತೆ ಮಾಡುವುದಿಲ್ಲ. ಆದರೆ ಈ ಸೂತ್ರವನ್ನೂ ಕಣ್ಣುಮುಚ್ಚಿ ಪ್ರಯೋಗಿಸುವವರನ್ನು ಹೌಸ್‌ಮನ್ ಸುಮ್ಮನೆ ಬಿಡಲಿಲ್ಲ. 1921ರ ಭಾಷಣವೊಂದರಲ್ಲಿ ಅವರು, ಪಾಠ ಪರಿಶೋಧಕನೆಂದರೆ ಗ್ರಹಗಳ ಚಲನೆಯನ್ನು ಅಳೆಯುವ ನ್ಯೂಟನ್ ಅಲ್ಲ, ಮೈಯ ಚಿಗಟಗಳನ್ನು ಹುಡುಕುವ ನಾಯಿ ಎಂಬರ್ಥದ ಮಾತು ಆಡಿದ್ದಾರೆ. ಲೆಕ್ಕಾಚಾರದ ಪ್ರಕಾರ ಚಿಗಟ ಇಂಥಲ್ಲೇ ಇರಬೇಕೆಂದು ಕೂತರೆ ನಾಯಿಗೆ ಒಂದೂ ಸಿಗುವುದಿಲ್ಲ; ಒಂದೊಂದನ್ನೂ ಬೇರೆಬೇರೆಯಾಗಿಯೇ ಹಿಡಿಯಬೇಕು.

ನನ್ನನ್ನು ಕಾಡಿದ ವ್ಯತ್ಯಾಸ ಇರುವುದು ಇದಕ್ಕಿಂತ ಮುಂದೆ. ಹೌಸ್‌ಮನ್ ತಮ್ಮ ಪೀಠಿಕೆಗಳಲ್ಲಿ ಹಿಂದಿನ ಸಂಪಾದಕರನ್ನು ಹೆಸರು ಹಿಡಿದು ಹೀಯಾಳಿಸಿದ್ದಾರೆ, ಬದುಕಿದ್ದವರನ್ನೂ ಬಿಟ್ಟಿಲ್ಲ. ಅವರ ಕಾಲಾನಂತರ ಅವರ ಮನಿಲಿಯಸ್ಸನ್ನು ಅದೇ ರೀತಿ ನೋಡಲಾಯಿತು. ಜಿ. ಪಿ. ಗೂಲ್ಡ್ ಎಂಬ ವಿದ್ವಾಂಸರು 1977ರಲ್ಲಿ ಆ ಕಾವ್ಯವನ್ನು ಅನುವಾದದೊಂದಿಗೆ ಹೊರತಂದಾಗ, ಹೌಸ್‌ಮನ್ನರ ಮೇಲೆ ಅಪಾರ ಗೌರವವಿದ್ದೂ, ಹಲವು ಕಡೆ ಅವರ ಪಾಠವನ್ನು ಬಿಟ್ಟು ಬೇರೆಯದನ್ನು ಹಿಡಿದರು. ಹಾಗೆ ಬಿಟ್ಟದ್ದನ್ನು ಇಲ್ಲಿ ಯಾರೂ ಅವಮಾನವೆಂದು ತಿಳಿಯುವುದಿಲ್ಲ. ನಿನ್ನ ಕೆಲಸವನ್ನು ನಾನು ಸಾಲುಸಾಲಾಗಿ ಓದಿದ್ದೇನೆ ಎಂದು ಹೇಳುವ ರೀತಿಯೇ ಅದು.

ನಮ್ಮಲ್ಲಿ ಹಿರಿಯ ವಿದ್ವಾಂಸರಿಗೆ ಅರವತ್ತು, ಎಪ್ಪತ್ತೈದು ತುಂಬಿದಾಗ ಅಭಿನಂದನ ಗ್ರಂಥ ಬರುತ್ತದೆ, ಶಾಲು ಬರುತ್ತದೆ, ಫಲತಾಂಬೂಲ ಬರುತ್ತದೆ. ಅವರ ಪುಸ್ತಕದ ಇಂಥ ಪುಟದಲ್ಲಿ ಇಂಥ ಪಾಠ ಸರಿಯಲ್ಲ ಎಂಬ ಲೇಖನ ಆ ಗ್ರಂಥದಲ್ಲಿ ಇರುವುದಿಲ್ಲ, ಇದ್ದರೆ ಅಪಶಕುನ. ದೊಡ್ಡಪ್ಪ ಒಮ್ಮೆ ಒಬ್ಬ ಹೆಸರಾಂತ ಸಂಪಾದಕರಿಗೆ ನಾಲ್ಕು ಹಾಳೆಯ ಪತ್ರ ಬರೆದಿದ್ದರು. ಅವರು ಅಚ್ಚು ಮಾಡಿಸಿದ ಕಾವ್ಯವೊಂದರಲ್ಲಿ ಪ್ರಾಸ ತಪ್ಪಿದ, ಪದ ತಪ್ಪಾಗಿ ಒಡೆದ ಜಾಗಗಳ ಪಟ್ಟಿ ಅದು. ಉತ್ತರ ಬರಲಿಲ್ಲ. ಕೆಲವು ವರ್ಷಗಳ ನಂತರ ಅದೇ ಸಂಪಾದಕರ ಸನ್ಮಾನ ಸಭೆಗೆ ನಮ್ಮ ಕಡೆಯ ಪ್ರತಿನಿಧಿಯಾಗಿ ಮಾತಾಡಲು ದೊಡ್ಡಪ್ಪನನ್ನು ಕರೆದರು. ಕಾರ್ಯಕ್ರಮದ ಜವಾಬ್ದಾರಿ ಹೊತ್ತವರು ಮನೆಯ ಜಗಲಿಯ ಮೇಲೆ ಕೂತು, ‘ಭಟ್ಟರೇ, ಎರಡು ಒಳ್ಳೆಯ ಮಾತು ಆಡಿ, ಸಾಕು’ ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ. ದೊಡ್ಡಪ್ಪ ಹೋಗಲಿಲ್ಲ, ಸೊಂಟ ನೋವು ಎಂದು ಹೇಳಿ ಕಳಿಸಿದರು. ಅವರು ತೀರಿಕೊಂಡ ಮೇಲೆ ಅವರ ಪುಸ್ತಕಗಳಲ್ಲಿ ಬಹುಪಾಲನ್ನು ಒಂದು ಸಂಸ್ಥೆಯವರು ಗ್ರಂಥಾಲಯಕ್ಕೆಂದು ಕೊಂಡೊಯ್ದರು. ಮೂರು ವರ್ಷದ ನಂತರ ನಾನು ಹೋಗಿ ವಿಚಾರಿಸಿದಾಗ, ಅಂಚಿನಲ್ಲಿ ಗೀಚಿದ ಪ್ರತಿಗಳನ್ನು ಓದುಗರಿಗೆ ಕೊಡಲು ಬರುವುದಿಲ್ಲವಾದ್ದರಿಂದ ತೆಗೆದುಹಾಕಲಾಗಿದೆ ಎಂದು ಸಹಜವಾಗಿಯೇ ತಿಳಿಸಿದರು.

ಇಷ್ಟು ಹೇಳಿ ನಿಲ್ಲಿಸಿದರೆ, ವಿಲಾಯಿತಿಯಲ್ಲಿ ಕೂತು ಊರನ್ನು ಹಳಿಯುವ ಇನ್ನೊಬ್ಬ ಎನ್ನಿಸಿಕೊಳ್ಳುತ್ತೇನೆ. ನಿಜ ಸಂಗತಿ ಹಾಗಿಲ್ಲ. ತಪ್ಪು ಹುಡುಕುವುದನ್ನೇ ಮರ್ಯಾದೆ ಎಂದು ತಿಳಿದ ಜನ ನಮ್ಮ ಜಿಲ್ಲೆಯಲ್ಲಿಯೇ ಇದ್ದರು, ಈಗಲೂ ಇದ್ದಾರೆ. ನಮ್ಮ ಮನೆಯಿಂದ ಕೂಗಳತೆ ಎನ್ನಬಹುದಾದ ಸೋಂದೆಯಲ್ಲಿ ಹದಿನಾರನೆಯ ಶತಮಾನದಲ್ಲಿ ವಾದಿರಾಜರು ಬರೆದ ಯುಕ್ತಿಮಲ್ಲಿಕೆಯ ಐದು ಸೌರಭಗಳನ್ನು ತೆರೆದರೆ, ಎದುರುಪಕ್ಷವನ್ನು ಮೊದಲು ಮುಂದಿಟ್ಟು ಆಮೇಲೆ ಒಂದೊಂದೇ ಎಳೆಯನ್ನು ಬಿಡಿಸಿ ಖಂಡಿಸುವ ಉತ್ಸಾಹ ಕಾಣುತ್ತದೆ. ಅಲ್ಲಿ ‘ಎರಡು ಒಳ್ಳೆಯ ಮಾತು’ ಎಂಬುದಕ್ಕೆ ಜಾಗವೇ ಇಲ್ಲ. ಭಟ್ಕಳದ ಬಳಿಯ ಹಾಡುವಳ್ಳಿಯ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕದೇವ 1604ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ಮುಗಿಸಿದ. ಕನ್ನಡಕ್ಕೆ ಸಂಸ್ಕೃತದಲ್ಲಿ ಬರೆದ 592 ಸೂತ್ರಗಳ ವ್ಯಾಕರಣ ಅದು. ಅದಕ್ಕೆ ಅವನದೇ ವೃತ್ತಿ (ಸೂತ್ರಗಳ ವಿವರಣೆ), ಅವನದೇ ವ್ಯಾಖ್ಯಾನ. ಕನ್ನಡಕ್ಕೆ ಶಾಸ್ತ್ರದ ಯೋಗ್ಯತೆ ಎಲ್ಲಿದೆ ಎಂಬ ಆಕ್ಷೇಪವನ್ನು ತಾನೇ ಎತ್ತಿ, ತತ್ತ್ವಾರ್ಥವೆಂಬ ಜೈನ ಶಾಸ್ತ್ರಕ್ಕೆ ಕನ್ನಡದಲ್ಲಿ 96,000 ಗ್ರಂಥಪ್ರಮಾಣದ (ಒಂದು ಗ್ರಂಥವೆಂದರೆ ಮೂವತ್ತೆರಡು ಅಕ್ಷರ) ಚೂಡಾಮಣಿ ಎಂಬ ವ್ಯಾಖ್ಯಾನವಿದೆಯಲ್ಲ ಎಂದು ತಿರುಗಿ ಕೇಳುತ್ತಾನೆ. ಆ ವ್ಯಾಕರಣವನ್ನು 1890ರಲ್ಲಿ ಬಿ. ಎಲ್. ರೈಸ್ ಅಚ್ಚಿಗೆ ತಂದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಮತ್ತೆ ಪರಿಷ್ಕರಿಸಿ ಹೊರತಂದರು. ಹಿಂದಿನವರ ಕೆಲಸ ಆಯಿತೆಂದು ಕೈತೊಳೆದುಕೊಳ್ಳದೆ ಮತ್ತೊಮ್ಮೆ ನೋಡಿದ ನರಸಿಂಹಾಚಾರ್ಯರದೂ ಇದೇ ಜಾಯಮಾನ.

ಗೋಕರ್ಣದ ವೇದಪಾಠವನ್ನು ನೋಡಿ. ಸಂಹಿತೆಯನ್ನು ಪದವಾಗಿ ಒಡೆದು, ಪದಗಳನ್ನು ಎರಡೆರಡಾಗಿ ಪೋಣಿಸಿ ಕ್ರಮವಾಗಿಸಿ, ಹಿಂದೆಮುಂದೆ ತಿರುಗಿಸಿ ಜಟೆಯಾಗಿಸಿ, ಘನದವರೆಗೆ ಒಯ್ಯುವ ಪದ್ಧತಿ ಪಾಠ ಕೆಡದಂತೆ ಕಾಯುವ ಯಂತ್ರವೇ. ಒಂದು ಸ್ವರ ಜಾರಿದರೆ ಗುರು ಕೈ ಎತ್ತುತ್ತಾರೆ, ಸಾಲು ಮತ್ತೆ ಮೊದಲಿನಿಂದ. ಅಲ್ಲಿ ಕೂತ ಹುಡುಗನಿಗೆ ಅದು ಅವಮಾನವೆನ್ನಿಸುವುದಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ತಾಳಮದ್ದಳೆ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ್ಯಕ್ಕೆ ಅರ್ಥ ಹೇಳುತ್ತ ಎದುರುಬದುರು ಕೂತ ಇಬ್ಬರು ರಾತ್ರಿಯಿಡೀ ವಾದಿಸುವ ಈ ಕಲೆಯಲ್ಲಿ ಒಬ್ಬ ಅರ್ಥಧಾರಿ ಶ್ಲೋಕದ ಒಂದು ಪದವನ್ನು ತಪ್ಪಾಗಿ ಉದ್ಧರಿಸಿದರೆ ಎದುರಿನವನು ಕೃಷ್ಣನಾಗಿಯೇ ಇದ್ದುಕೊಂಡು, ಪಾತ್ರದ ಮರ್ಯಾದೆ ಬಿಡದೆ, ಆ ಪದವನ್ನು ಹಿಡಿದು ಎಳೆಯುತ್ತಾನೆ. ಸಭೆ ನಗುತ್ತದೆ. ಸಿಕ್ಕಿಬಿದ್ದವನು ಪಾರಾಗುವ ಚಾತುರ್ಯ ತೋರಿಸಿದರೆ ಅವನಿಗೂ ಚಪ್ಪಾಳೆ. ಮುಗಿದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಾರೆ. ಮೂಲೆಯಲ್ಲಿ ಕವಳ ಹಾಕುತ್ತ ಕೂತ, ಶಾಲೆಯನ್ನು ನಾಲ್ಕನೆಯ ತರಗತಿಗೆ ಬಿಟ್ಟ ಕೃಷಿಕ ಮಾರನೆಯ ದಿನ ತೋಟದಲ್ಲಿ, ‘ನಿನ್ನೆ ಕರ್ಣನ ಅರ್ಥದಲ್ಲಿ ಅವರು ಆ ಮಾತಿಗೆ ಕೊಟ್ಟ ಅರ್ಥ ಕೂರುವುದಿಲ್ಲ ಮಾರಾಯ’ ಎನ್ನುತ್ತಾನೆ. ಇಂಥ ಕಿವಿಗಳಿರುವ ಸೀಮೆಯಲ್ಲಿ, ಅದೇ ಜನ ಪುಸ್ತಕದ ವಿಷಯ ಬಂದೊಡನೆ ಏಕೆ ಶಾಲು ಹಿಡಿದು ನಿಲ್ಲುತ್ತಾರೆ ಎಂಬುದು ನನಗೆ ಬಿಡಿಸಲಾಗದ ಒಗಟು. ಬಾಯಿಯ ಮಾತು ಎಲ್ಲರದು, ಅಚ್ಚಿನ ಮಾತು ಸಂಬಳ, ಬಡ್ತಿ, ಪ್ರಶಸ್ತಿಗಳಿಗೆ ಅಂಟಿಕೊಂಡದ್ದು. ತಪ್ಪು ತೋರಿಸಿದರೆ ಯಾರದೋ ಅನ್ನಕ್ಕೆ ಕೈಹಾಕಿದ ಹಾಗೆ ಆಗುತ್ತದೆ ಎಂಬುದು ನನ್ನ ಊಹೆ.

ಹೌಸ್‌ಮನ್ನರ ರೀತಿಯೆಲ್ಲ ಮಾದರಿ ಎಂದು ನಾನು ಹೇಳಲಾರೆ. ಅವರ ವ್ಯಂಗ್ಯ ಎಷ್ಟೋ ಸಲ ತಪ್ಪಿಗಿಂತ ದೊಡ್ಡದಾಗಿತ್ತು. ತಿದ್ದುವುದಕ್ಕೆ ಅವಮಾನಿಸುವ ಅಗತ್ಯವಿಲ್ಲ ಎಂಬುದನ್ನು ನಮ್ಮ ತಾಳಮದ್ದಳೆಯವರಿಂದ ಅವರು ಕಲಿಯಬಹುದಾಗಿತ್ತು. 1929ರಲ್ಲಿ ಬಂದ ಆರ್ಡರ್ ಆಫ್ ಮೆರಿಟ್ ಗೌರವವನ್ನು ಬೇಡವೆಂದದ್ದು ನನಗೆ ಇಷ್ಟ. ಆದರೆ ಅದರಲ್ಲಿ ಒಂದು ಬಿಗುಮಾನವೂ ಇತ್ತು ಎಂದು ಕಾಣುತ್ತದೆ. ಇನ್ನೊಂದು ಕೊರತೆ ಅವರ ಕಾವ್ಯಪಾಠದಲ್ಲಿ ದನಿ ಇರಲಿಲ್ಲ ಎಂಬುದು. ಪದ್ಯದ ವ್ಯಾಕರಣ, ಪಾಠಾಂತರಗಳನ್ನು ಒಣಗಿದ ದನಿಯಲ್ಲಿ ಹೇಳಿ ಮುಗಿಸುವುದು ಅವರ ಕ್ರಮವಾಗಿತ್ತು. ಕೇಂಬ್ರಿಜಿನಲ್ಲಿ 1914ರ ಮೇ ತಿಂಗಳಲ್ಲಿ ಮಾತ್ರ, ಹಿಮ ಕರಗಿ ವಸಂತ ಬರುವ ಹೋರೇಸನ ಪದ್ಯವೊಂದನ್ನು ಎಂದಿನಂತೆ ವಿವರಿಸಿದ ಮೇಲೆ, ತಲೆ ಎತ್ತಿ, ಇದನ್ನು ಇನ್ನು ಬರೀ ಕವಿತೆಯಾಗಿ ನೋಡೋಣ ಎಂದು, ಮೊದಲು ಲ್ಯಾಟಿನ್ನಿನಲ್ಲಿಯೂ ಆಮೇಲೆ ತಮ್ಮದೇ ಇಂಗ್ಲಿಷ್ ಅನುವಾದದಲ್ಲಿಯೂ ಓದಿ, ಪ್ರಾಚೀನ ಸಾಹಿತ್ಯದಲ್ಲಿ ತಮಗೆ ಅತಿ ಸುಂದರವಾಗಿ ಕಂಡ ಕವಿತೆ ಇದೇ ಎಂದು ಹೇಳಿ, ನಾಚಿದವರಂತೆ ಬೇಗಬೇಗ ಕೋಣೆಯಿಂದ ಹೊರಟುಹೋದರೆಂದು ಅಂದು ಅಲ್ಲಿದ್ದ ವಿದ್ಯಾರ್ಥಿನಿಯೊಬ್ಬರು ನೆನೆದಿದ್ದಾರೆ. ಕವಿತೆಯನ್ನು ಗಟ್ಟಿಯಾಗಿ ಓದಿದ್ದಕ್ಕೆ ನಾಚಿಕೆ! ಶ್ರಾವಣದಲ್ಲಿ ಜಗಲಿಯ ಮೇಲೆ ಜೈಮಿನಿ ಭಾರತ ವಾಚಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ಅರ್ಥವಾಗುತ್ತಿರಲಿಲ್ಲ.

ಅಭಿಮಾನ ಓದನ್ನು ಹೇಗೆ ಹಾದಿ ತಪ್ಪಿಸುತ್ತದೆ ಎಂಬುದಕ್ಕೆ ಕನ್ನಡಕ್ಕೂ ಗ್ರೀಕಿಗೂ ಒಟ್ಟಿಗೆ ಸೇರಿದ ಉದಾಹರಣೆಯೊಂದಿದೆ. ಹೌಸ್‌ಮನ್ನರ ಮನಿಲಿಯಸ್ ಹೊರಬಂದ 1903ರಲ್ಲಿಯೇ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಹಾಳೆಯೊಂದರ ಪಾಠವನ್ನು ಪ್ರಕಟಿಸಿದರು. ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಗ್ರೀಕ್ ಹೆಣ್ಣೊಬ್ಬಳ ಪ್ರಹಸನ ಅದು. ಅಲ್ಲಿನ ರಾಜ ಮತ್ತು ಅವನ ಕಡೆಯವರು ಗ್ರೀಕ್ ಅಲ್ಲದ ಮಾತನ್ನಾಡುತ್ತಾರೆ. ಆ ಮಾತು ಕನ್ನಡ ಎಂದು ಮರುವರ್ಷವೇ ಜರ್ಮನ್ ವಿದ್ವಾಂಸ ಹುಲ್ಷ್ ವಾದಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಆ ಕಡೆಗೆ ನಿಂತರು. ಕಡಲತೀರ ನಮ್ಮದೇ ಎಂಬ ಸಂತೋಷದಲ್ಲಿ ನಾನೂ ಚಿಕ್ಕವನಿದ್ದಾಗ ಮುಳುಗಿದ್ದೆ. 1926ರಲ್ಲಿ ಎಲ್. ಡಿ. ಬಾರ್ನೆಟ್ ಆ ಓದನ್ನು ಒಪ್ಪದೆ ತಕರಾರು ಎತ್ತಿದರು. ನಮ್ಮ ಪಠ್ಯಗಳಲ್ಲಿ, ಭಾಷಣಗಳಲ್ಲಿ ಇಂದಿಗೂ ಮೊದಲಿನ ಮಾತು ಮಾತ್ರ ಬರುತ್ತದೆ, ತಕರಾರು ಬರುವುದಿಲ್ಲ. ಬಾರ್ನೆಟ್ ಹೇಳಿದ್ದೇ ಸರಿ ಎಂದು ನನ್ನ ವಾದವಲ್ಲ. ಎರಡನ್ನೂ ಓದಿ ಹೇಳುವವರು ಬೇಕು ಎಂದಷ್ಟೇ.

ಕನ್ನಡದಲ್ಲಿ ಅಂಥವರು ಇರಲಿಲ್ಲವೇ ಎಂದರೆ, ಡಿ. ಎಲ್. ನರಸಿಂಹಾಚಾರ್ ಇದ್ದರು. 1906ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಅಲ್ಲಿನ ಪ್ರಾಚ್ಯ ಗ್ರಂಥಗಳ ನಡುವೆ ಬೆಳೆದ ಅವರು ವಡ್ಡಾರಾಧನೆಯನ್ನು ಸಂಪಾದಿಸಿದರು, ಗ್ರಂಥ ಸಂಪಾದನೆ ಎಂಬುದು ಒಂದು ಶಾಸ್ತ್ರ ಎಂದು ಕನ್ನಡದಲ್ಲಿಯೇ ದೊಡ್ಡ ಪುಸ್ತಕ ಬರೆದರು. ಪಂಪನ ಒಂದೊಂದು ಪದ್ಯವನ್ನೂ ಬಿಡಿಸಿ ಬರೆದ ಪಂಪಭಾರತ ದೀಪಿಕೆ ಬೆಳಕು ಕಂಡದ್ದು ಅವರು ತೀರಿಕೊಂಡ 1971ರಲ್ಲಿ. ಅರ್ಥವಾಗದ ಕಡೆ ಅರ್ಥವಾಗಲಿಲ್ಲ ಎಂದು ಬರೆಯುವ ಧೈರ್ಯ ಆ ಪುಸ್ತಕದಲ್ಲಿದೆ. ಹೌಸ್‌ಮನ್ನರ ನಿಷ್ಠುರತೆ ಇದೆ, ಮೂದಲಿಕೆ ಇಲ್ಲ. ದೊಡ್ಡಪ್ಪನಿಗೆ ಅವರ ಮೇಲೆ ಇದ್ದ ಭಕ್ತಿ ಎಷ್ಟೆಂದರೆ, ದೀಪಿಕೆಯ ಪ್ರತಿಯ ಅಂಚಿನಲ್ಲಿಯೇ ಅತಿ ಹೆಚ್ಚು ಪೆನ್ಸಿಲ್ ಗುರುತುಗಳಿದ್ದವು.

ಸಂಸ್ಥೆಯವರು ಕೊಂಡೊಯ್ದ ಪುಸ್ತಕಗಳಲ್ಲಿ ಆ ಪ್ರತಿಯೂ ಹೋಯಿತು. ಉಳಿದದ್ದು ಪಂಪಭಾರತದ ಒಂದು ಹಳೆಯ ಅಚ್ಚಿನ ಪ್ರತಿ, ಅದೂ ಅಕ್ಕಿ ಮುಡಿಯ ಹಿಂದೆ ಬಿದ್ದಿದ್ದರಿಂದ. ಹೋದ ವರ್ಷ ಊರಿಗೆ ಹೋದಾಗ ಅದನ್ನು ನಾನು ಲಂಡನ್ನಿಗೆ ತಂದೆ. ಬನವಾಸಿಯ ಪದ್ಯ ಯಾವ ಪುಟದಲ್ಲಿದೆ ಎಂದು ಹುಡುಕುವ ಅಗತ್ಯ ಬೀಳಲಿಲ್ಲ. ಪುಸ್ತಕ ತಾನಾಗಿಯೇ ಅಲ್ಲಿ ತೆರೆದುಕೊಂಡಿತು. ನಮ್ಮ ಜಿಲ್ಲೆಯಲ್ಲಿ ಸಭೆ ಎಂದರೆ ಆ ಪದ್ಯದ ಕೊನೆಯ ಸಾಲು ಇಲ್ಲದೆ ಮುಗಿಯುವುದಿಲ್ಲ. ಮೂರನೆಯ ಪಾದದ ಗೊಡವೆ ಯಾರಿಗೂ ಬೇಡ. ಆ ಉತ್ಪಲಮಾಲೆಯ ಪಾದಗಳು ‘ತೆಂಕ’, ‘ಯಂಕಿ’, ‘ಪಂಗೆ’, ‘ರಂಕು’ ಎಂದು ಮೊದಲಾಗುತ್ತವೆ. ಮೂರು ಕಡೆ ಕಕಾರ, ಮೂರನೆಯದರಲ್ಲಿ ಮಾತ್ರ ಗಕಾರ. ‘ಕೆಂದಲಂಪಂಗೆಡೆಗೊಂಡೊಡಂ’ ಎಂಬಲ್ಲಿ ಪದವನ್ನು ಎಲ್ಲಿ ಒಡೆಯಬೇಕು, ಕೆಂದಲಂಪು ಎಂದರೆ ಏನು ಎಂದು ದೊಡ್ಡಪ್ಪ ಊಟಕ್ಕೆ ಕೂತಾಗಲೂ ಕೇಳುತ್ತಿದ್ದುದು ನನಗೆ ನೆನಪಿದೆ. ಅಂಚಿನಲ್ಲಿ ಅವರ ದುಂಡು ಅಕ್ಷರದಲ್ಲಿ, ಗಕಾರದ ಸುತ್ತ ಒಂದು ಸೊನ್ನೆ ಸುತ್ತಿ, ‘ಪ್ರಾಸ ಕೆಟ್ಟಿದೆ. ಕಕಾರವಿರಬೇಕು’ ಎಂದಿದೆ.

ಅದರ ಕೆಳಗೆ ನೀಲಿ ಶಾಯಿಯಲ್ಲಿ ಬೇರೆಯ ಕೈ. ಅದು ಯಾರದೆಂದು ನನಗೆ ಗೊತ್ತು: ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದ, ಅಂಚೆ ಕಚೇರಿಯಲ್ಲಿ ಕೆಲಸದಲ್ಲಿದ್ದ, ಸಂಜೆ ಹೊತ್ತು ಕವಳದ ಬಟ್ಟಲ ಮುಂದೆ ದೊಡ್ಡಪ್ಪನ ಜೊತೆ ಜಗಳಕ್ಕೆಂದೇ ಬರುತ್ತಿದ್ದ ನೆರೆಮನೆಯವರದು. ‘ವರ್ಗಪ್ರಾಸ ಸಲ್ಲುತ್ತದೆ. ಕವಿಯನ್ನು ತಿದ್ದಬೇಡ ಮಾರಾಯ’ ಎಂದು ಬರೆದಿದ್ದಾರೆ; ಕ, ಗ ಒಂದೇ ವರ್ಗದ ಅಕ್ಷರಗಳಾದ್ದರಿಂದ ಪ್ರಾಸಕ್ಕೆ ಹೊಂದುತ್ತವೆ ಎಂಬುದು ಅವರ ಮಾತು. ಅದರ ಕೆಳಗೆ ಮತ್ತೆ ಪೆನ್ಸಿಲಿನ ದುಂಡು ಅಕ್ಷರ, ಒಂದೇ ಪದ: ‘ಹೌದು’.